ಪತ್ರಕರ್ತರ ಫೋನಿನಲ್ಲಿ ಸರ್ಕಾರ ಹುಡುಕುವುದು ಯಾರನ್ನು?

2009ರ ಜೂನ್ 11. ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆಯ ಕಟ್ಟಡದಿಂದ ಮಧ್ಯಾಹ್ನ 12.02ಕ್ಕೆ ಒಬ್ಬ ಅಧಿಕಾರಿ ಹೊರಗೆ ಹೋದದ್ದು ಬ್ಯಾಡ್ಜ್ ಯಂತ್ರದಲ್ಲಿ ದಾಖಲಾಯಿತು. 12.03ಕ್ಕೆ ಒಬ್ಬ ವರದಿಗಾರ ಹೊರಬಿದ್ದ. 12.26ಕ್ಕೆ ಅಧಿಕಾರಿ ಒಳಗೆ ಬಂದ, 12.30ಕ್ಕೆ ವರದಿಗಾರ ಬಂದ. ಉತ್ತರ ಕೊರಿಯಾದ ಕುರಿತ ಒಂದು ಗೋಪ್ಯ ವರದಿಯ ಸಾರ ಅದೇ ದಿನ ಸುದ್ದಿಯಾಯಿತು. ಹೊರಗಿದ್ದ ಆ ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ ಇಬ್ಬರೂ ಏನು ಮಾತಾಡಿದರು ಎಂಬುದರ ಧ್ವನಿಮುದ್ರಣ ಎಫ್‌ಬಿಐ ಬಳಿ ಇರಲಿಲ್ಲ. ಅದು ಬೇಕಾಗಲೂ ಇಲ್ಲ. ಗೇಟಿನ ಈ ನಾಲ್ಕು ಸಮಯಗಳನ್ನೂ ಫೋನ್ ಕರೆಗಳ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ವರದಿಗಾರ ಜೇಮ್ಸ್ ರೋಸನ್ ಅವರ ಇಮೇಲ್ ತೆರೆಯಲು ನ್ಯಾಯಾಲಯದಿಂದ ವಾರಂಟ್ ಪಡೆಯಿತು. ಆ ಅರ್ಜಿಯಲ್ಲಿ ಅವರನ್ನು ಸಹ ಸಂಚುಕೋರ ಎಂದೂ ಬಣ್ಣಿಸಿತ್ತು. ರೋಸನ್ ಮೇಲೆ ಕೊನೆಗೂ ಮೊಕದ್ದಮೆ ಹೂಡಲಿಲ್ಲ. ಅಧಿಕಾರಿ ಸ್ಟೀಫನ್ ಕಿಮ್ 2014ರಲ್ಲಿ ತಪ್ಪೊಪ್ಪಿಕೊಂಡು 13 ತಿಂಗಳ ಶಿಕ್ಷೆ ಪಡೆದರು.

ಪತ್ರಕರ್ತರ ಮೇಲಿನ ಕಣ್ಗಾವಲನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ. ಸರ್ಕಾರ ಹುಡುಕುವುದು ವರದಿಗಾರನನ್ನಲ್ಲ, ಅವನಿಗೆ ಮಾತು ಹೇಳಿದವನನ್ನು. ವರದಿಗಾರನ ಹೆಸರು ಸುದ್ದಿಯ ಮೇಲೇ ಅಚ್ಚಾಗಿರುತ್ತದೆ. ಮೂಲದ ಹೆಸರು ಮಾತ್ರ ಇರುವುದಿಲ್ಲ. ಅದನ್ನು ಪತ್ತೆ ಮಾಡಲು ಮಾತು ಕದ್ದು ಕೇಳಬೇಕಾದ ಅಗತ್ಯ ಈಗ ಅಪರೂಪ. ಯಾರು, ಯಾರೊಂದಿಗೆ, ಯಾವಾಗ, ಎಲ್ಲಿಂದ ಎಂಬ ದಾಖಲೆಗಳೇ ಸಾಕು. ನಮ್ಮ ಕಾನೂನಾದರೋ ತನ್ನ ಕಾವಲನ್ನೆಲ್ಲ ಮಾತಿನ ಬಾಗಿಲಿಗೆ ಹಾಕಿ, ದಾಖಲೆಯ ಬಾಗಿಲನ್ನು ಬಹುಮಟ್ಟಿಗೆ ತೆರೆದೇ ಇಟ್ಟಿದೆ.

ಕದ್ದಾಲಿಕೆಯ ಕಾವಲು

ಫೋನ್ ಕದ್ದಾಲಿಕೆ ಎಂದರೆ ಏನೆಂದು ಕರ್ನಾಟಕಕ್ಕೆ ಬಿಡಿಸಿ ಹೇಳಬೇಕಿಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದೇ ಆ ವಿವಾದದಲ್ಲಿ. ಆಗ ಇದ್ದದ್ದು 1885ರ ತಂತಿ ಕಾಯ್ದೆಯ ಸೆಕ್ಷನ್ 5(2). ಅಧಿಕಾರ ಕೊಟ್ಟಿತ್ತು, ಅದನ್ನು ಬಳಸುವ ಕ್ರಮ ಹೇಳಿರಲಿಲ್ಲ. 1996ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಹಾಕಿಕೊಟ್ಟಿತು. ಅದು 2007ರಲ್ಲಿ ನಿಯಮ 419ಎ ಆಯಿತು. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ, 2024ರ ಡಿಸೆಂಬರ್‌ನಲ್ಲಿ ಹೊರಟ ಹೊಸ ನಿಯಮಗಳು ಅದರ ಜಾಗಕ್ಕೆ ಬಂದಿವೆ. ಚೌಕಟ್ಟು ಹೆಚ್ಚು ಬದಲಾಗಿಲ್ಲ. ಆದೇಶ ಕೊಡಬೇಕಾದವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ತುರ್ತು ಸಂದರ್ಭದಲ್ಲಿ ಕೆಳಗಿನ ಅಧಿಕಾರಿ ಆದೇಶ ಕೊಟ್ಟರೆ 7 ಕೆಲಸದ ದಿನಗಳೊಳಗೆ ಅದು ದೃಢಪಡಬೇಕು. ಒಂದು ಆದೇಶದ ಆಯುಸ್ಸು 60 ದಿನ, ಮುಂದುವರಿಸುತ್ತ ಹೋದರೂ ಒಟ್ಟು 180 ದಿನ. ಎರಡು ತಿಂಗಳಿಗೊಮ್ಮೆ ಪರಾಮರ್ಶನಾ ಸಮಿತಿ ಕೂತು ಎಲ್ಲ ಆದೇಶಗಳನ್ನೂ ನೋಡಬೇಕು.

ಓದಲು ಬಿಗಿಯಾಗಿಯೇ ಇದೆ. ಇದು ಸಡಿಲವಾಗುವುದು ಸಮಿತಿಯ ಮೇಜಿನ ಮೇಲೆ. ದತ್ತಾಂಶ ರಕ್ಷಣೆಯ ಕುರಿತ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ, ಈ ಪರಾಮರ್ಶನಾ ಸಮಿತಿಯ ಒಂದೊಂದು ಸಭೆಯ ಮುಂದೆ 15,000ದಿಂದ 18,000 ಆದೇಶಗಳು ಬರುತ್ತವೆ, ಅಷ್ಟನ್ನು ಪರಿಶೀಲಿಸುವುದು ಆಗದ ಮಾತು ಎಂದು ಬರೆಯಿತು. ಲೆಕ್ಕ ಹಾಕಿ ನೋಡಿ: ಎಂಟು ಗಂಟೆ ಎದ್ದೇಳದೆ ಕೂತರೂ 28,800 ಸೆಕೆಂಡು. ಒಂದು ಆದೇಶಕ್ಕೆ ಎರಡು ಸೆಕೆಂಡೂ ಸಿಗುವುದಿಲ್ಲ. ಆ ಸಮಿತಿಯಲ್ಲಿ ಇರುವವರು ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ ಮತ್ತು ಇಬ್ಬರು ಕಾರ್ಯದರ್ಶಿಗಳು, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ ಮತ್ತು ಇಬ್ಬರು ಕಾರ್ಯದರ್ಶಿಗಳು. ನ್ಯಾಯಾಧೀಶರು ಯಾರೂ ಇಲ್ಲ. ಆದೇಶ ಕೊಡುವುದು, ಜಾರಿ ಮಾಡುವುದು, ಸರಿಯೋ ತಪ್ಪೋ ಎಂದು ನೋಡುವುದು ಎಲ್ಲವೂ ಕಾರ್ಯಾಂಗದ ಒಳಗೇ ಮುಗಿದುಹೋಗುತ್ತದೆ. 1996ರ ತೀರ್ಪು ಕೂಡ, ಮೊದಲೇ ನ್ಯಾಯಾಂಗದ ಒಪ್ಪಿಗೆ ಬೇಕು ಎಂಬ ವಾದವನ್ನು ಒಪ್ಪಿರಲಿಲ್ಲ.

ಪತ್ರಕರ್ತರಿಗೆ ವಿಶೇಷ ರಕ್ಷಣೆ ಇದೆ ಎಂದು ಕೆಲವರು ನಂಬಿದ್ದಾರೆ. ಇದೆ, ಆದರೆ ಅದು ಏನನ್ನು ಕಾಯುತ್ತದೆ ಎಂಬುದನ್ನು ಸರಿಯಾಗಿ ಓದಬೇಕು. ಕೇಂದ್ರ ಅಥವಾ ರಾಜ್ಯ ಸರ್ಕಾರದ ಮಾನ್ಯತೆ ಪಡೆದ ವರದಿಗಾರರು ಭಾರತದಲ್ಲಿ ಪ್ರಕಟಿಸಲೆಂದು ಕಳಿಸುವ ಪತ್ರಿಕಾ ಸಂದೇಶಗಳನ್ನು ತಡೆಯಬಾರದು, ಅವುಗಳ ರವಾನೆಯನ್ನೇ ನಿಷೇಧಿಸಿದ್ದರೆ ಮಾತು ಬೇರೆ ಎಂಬ ನಿಯಮ ತಂತಿ ಕಾಯ್ದೆಯಲ್ಲಿತ್ತು. 2023ರ ಕಾಯ್ದೆಯ ಸೆಕ್ಷನ್ 20 ಅದನ್ನು ಹಾಗೇ ಎತ್ತಿಕೊಂಡಿದೆ. ವರದಿಗಾರ ತಂತಿ ಕಚೇರಿಗೆ ಹೋಗಿ ಸುದ್ದಿ ಕಳಿಸುತ್ತಿದ್ದ ಕಾಲದ ರಕ್ಷಣೆ ಇದು. ಬರೆದು ಮುಗಿಸಿದ ಸುದ್ದಿ ಇದರಡಿ ಬರುತ್ತದೆ. ಸುದ್ದಿ ಹುಟ್ಟುವ ಮೊದಲು ಮೂಲದ ಜೊತೆ ಆಡಿದ ಮಾತು ಬರುವುದಿಲ್ಲ. ಮಾನ್ಯತಾ ಕಾರ್ಡ್ ಇಲ್ಲದ ಹವ್ಯಾಸಿ ಬರಹಗಾರರು, ತಾಲ್ಲೂಕು ಮಟ್ಟದ ಸುದ್ದಿಗಾರರು, ಹೆಚ್ಚಿನ ವೆಬ್ ಪತ್ರಕರ್ತರು ಮೊದಲೇ ಇದರ ಆಚೆ ನಿಂತಿದ್ದಾರೆ.

ಒಂದು ಸಾಲಿನ ಸಿಡಿಆರ್‌ನಲ್ಲಿ ಏನೇನಿದೆ

ಕರೆ ವಿವರ ದಾಖಲೆ, ಪೊಲೀಸರೂ ವಕೀಲರೂ ವರದಿಗಾರರೂ ಸಿಡಿಆರ್ ಎಂದೇ ಕರೆಯುವುದು, ಒಂದು ಎಕ್ಸೆಲ್ ಹಾಳೆ. ಒಂದು ಕರೆಗೆ ಒಂದು ಸಾಲು. ಕರೆ ಮಾಡಿದ ನಂಬರ್, ಸ್ವೀಕರಿಸಿದ ನಂಬರ್, ದಿನಾಂಕ, ಶುರುವಾದ ಸಮಯ, ಎಷ್ಟು ಸೆಕೆಂಡು, ಕರೆಯೋ ಎಸ್‌ಎಂಎಸ್ಸೋ, ಕರೆ ಶುರುವಾದಾಗ ಯಾವ ಟವರಿನ ಯಾವ ದಿಕ್ಕು, ಮುಗಿದಾಗ ಯಾವ ದಿಕ್ಕು, ಹ್ಯಾಂಡ್‌ಸೆಟ್ಟಿನ ಗುರುತು ಸಂಖ್ಯೆಯಾದ ಐಎಂಇಐ, ಸಿಮ್ಮಿನ ಗುರುತು ಸಂಖ್ಯೆಯಾದ ಐಎಂಎಸ್‌ಐ. ಪರವಾನಗಿಯ ಷರತ್ತಿನಂತೆ ಮೊಬೈಲ್ ಕಂಪನಿಗಳು ಇದನ್ನು ಒಂದು ವರ್ಷ ಇಟ್ಟುಕೊಳ್ಳಬೇಕಿತ್ತು. 2021ರ ಡಿಸೆಂಬರ್‌ನಿಂದ ಅದು ಎರಡು ವರ್ಷ. ಇಂಟರ್ನೆಟ್ ಬಳಕೆಗೆ ಇಂಥದ್ದೇ ಐಪಿಡಿಆರ್ ಇದೆ: ಯಾವ ಐಪಿ ವಿಳಾಸದಿಂದ ಯಾವ ಐಪಿ ವಿಳಾಸಕ್ಕೆ, ಯಾವ ಪೋರ್ಟ್, ಎಷ್ಟು ಹೊತ್ತಿಗೆ.

ಇದನ್ನು ಪಡೆಯಲು ಗೃಹ ಕಾರ್ಯದರ್ಶಿಯ ಆದೇಶ ಬೇಕಿಲ್ಲ. 2024ರ ಜುಲೈ 1ರವರೆಗೆ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 91, ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಸೆಕ್ಷನ್ 94 ಸಾಕು. ತನಿಖೆಗೆ ಅಗತ್ಯ ಎಂದು ಠಾಣಾಧಿಕಾರಿಯೇ ದಾಖಲೆ ಕೇಳಬಹುದು ಎನ್ನುತ್ತದೆ ಆ ಕಲಂ. ರೂಢಿಯಲ್ಲಿ ಬೇಡಿಕೆ ಎಸ್‌ಪಿ ದರ್ಜೆಯ ಅಧಿಕಾರಿಯ ಮೂಲಕ ಕಂಪನಿಯ ನೋಡಲ್ ಅಧಿಕಾರಿಗೆ ಹೋಗುತ್ತದೆ. ಅರವತ್ತು ದಿನದ ಮಿತಿ ಇಲ್ಲಿಲ್ಲ, ಪರಾಮರ್ಶನಾ ಸಮಿತಿಯೂ ಇಲ್ಲ. ಒಂದು ಮಾತು ಕೇಳಬೇಕಾದರೆ ವಿಧಾನಸೌಧದ ಸಹಿ ಬೇಕು, ಎರಡು ವರ್ಷದ ಸಂಪರ್ಕಗಳ ಇಡೀ ನಕ್ಷೆ ಬೇಕಾದರೆ ಒಂದು ಇಮೇಲ್ ಸಾಕು. ನಮ್ಮ ವ್ಯವಸ್ಥೆಯ ದೊಡ್ಡ ದೋಷ ನನ್ನ ಪ್ರಕಾರ ಇಲ್ಲಿದೆ.

ಮೂಲವನ್ನು ಹಿಡಿಯುವ ಲೆಕ್ಕ ಸರಳ. ಸೋರಿಕೆಯಾದ ಕಡತ ಸರ್ಕಾರಿ ಕಡತಗಳ ಕಂಪ್ಯೂಟರ್ ವ್ಯವಸ್ಥೆಯಾದ ಇ-ಆಫೀಸ್‌ನಲ್ಲಿತ್ತು ಎಂದುಕೊಳ್ಳಿ. ಅದು ಯಾರ ಲಾಗಿನ್‌ನಿಂದ ಯಾರ ಲಾಗಿನ್‌ಗೆ ಹೋಯಿತು ಎಂಬುದು ವ್ಯವಸ್ಥೆಯಲ್ಲೇ ಇರುತ್ತದೆ. ಅಂಥವರು 14 ಮಂದಿ ಇದ್ದಾರೆ ಎನ್ನೋಣ. ವರದಿಗಾರನ ಸಿಡಿಆರ್‌ನಲ್ಲಿ ಸುದ್ದಿ ಬರುವ ಹಿಂದಿನ ಹದಿನೈದು ದಿನದಲ್ಲಿ 300 ನಂಬರ್‌ಗಳಿವೆ. ಎರಡೂ ಪಟ್ಟಿಯಲ್ಲಿ ಇರುವವರು ಒಬ್ಬರೋ ಇಬ್ಬರೋ. ನೇರ ಕರೆ ಇಲ್ಲದಿದ್ದರೆ ಟವರ್ ನೋಡುತ್ತಾರೆ: ಇಬ್ಬರ ಫೋನೂ ಒಂದೇ ಸಂಜೆ ಒಂದೇ ಟವರಿನ ಒಂದೇ ದಿಕ್ಕಿನಲ್ಲಿ ಇತ್ತೇ? ಇದರಲ್ಲಿ ತಪ್ಪುಗಳೂ ಆಗುತ್ತವೆ. ನಗರದಲ್ಲಿ ಒಂದು ಟವರಿನ ವ್ಯಾಪ್ತಿ ಕೆಲವು ನೂರು ಮೀಟರ್, ಹಳ್ಳಿಗಾಡಿನಲ್ಲಿ ಹಲವು ಕಿಲೋಮೀಟರ್. ಒಂದೇ ಟವರ್ ಎಂದರೆ ಒಂದೇ ಮೇಜು ಎಂದರ್ಥವಲ್ಲ. ಆದರೂ ಇಲಾಖಾ ವಿಚಾರಣೆ ಶುರುವಾಗಲು ಅಷ್ಟು ಸಾಕು. ಏನೂ ಹೇಳದ ನೌಕರನೊಬ್ಬ ದೂರದ ಊರಿಗೆ ವರ್ಗವಾಗುವುದೂ ಹೀಗೆಯೇ.

ಹೊರದೇಶಗಳ ಅನುಭವ ಇದನ್ನೇ ಹೇಳುತ್ತದೆ. 2012ರ ಏಪ್ರಿಲ್, ಮೇ ತಿಂಗಳ ಎರಡು ತಿಂಗಳ ಅವಧಿಗೆ ಅಸೋಸಿಯೇಟೆಡ್ ಪ್ರೆಸ್ಸಿನ 20ಕ್ಕೂ ಹೆಚ್ಚು ಫೋನ್ ಲೈನ್‌ಗಳ ದಾಖಲೆಗಳನ್ನು ಅಮೆರಿಕದ ನ್ಯಾಯ ಇಲಾಖೆ ಗುಟ್ಟಾಗಿ ತರಿಸಿಕೊಂಡಿತ್ತು. ಸಂಸ್ಥೆಗೆ ಅದು ಗೊತ್ತಾದದ್ದು 2013ರ ಮೇ ತಿಂಗಳಲ್ಲಿ. ಆ ಕಚೇರಿಗಳಲ್ಲಿ ನೂರಕ್ಕೂ ಹೆಚ್ಚು ಪತ್ರಕರ್ತರಿದ್ದರು. ಬೇಕಿದ್ದದ್ದು ಒಂದು ಸುದ್ದಿಯ ಮೂಲ, ತನಿಖೆಯ ಕೈಗೆ ಸಿಕ್ಕಿದ್ದು ನೂರು ಮಂದಿಯ ಎಲ್ಲ ಮೂಲಗಳ ನಂಬರ್. ಬ್ರಿಟನ್ನಿನ ಸಂವಹನ ದತ್ತಾಂಶ ಮೇಲ್ವಿಚಾರಕರು 2015ರ ಫೆಬ್ರುವರಿಯಲ್ಲಿ ಕೊಟ್ಟ ವರದಿಯ ಪ್ರಕಾರ, ಮೂರು ವರ್ಷಗಳಲ್ಲಿ 19 ಪೊಲೀಸ್ ಪಡೆಗಳು ಪತ್ರಕರ್ತರ ಮೂಲ ಹುಡುಕಲು 600ಕ್ಕೂ ಹೆಚ್ಚು ಅರ್ಜಿ ಹಾಕಿದ್ದವು. ಅವುಗಳಲ್ಲಿ 82 ಪತ್ರಕರ್ತರು ಸಿಲುಕಿದ್ದರು. ಪೊಲೀಸರೇ ಕೇಳಿ ಪೊಲೀಸರೇ ಒಪ್ಪಿಗೆ ಕೊಡುವ ಪದ್ಧತಿ ಅಲ್ಲಿತ್ತು. ವರದಿ ಬಂದ ಮೇಲೆ, ಪತ್ರಕರ್ತರ ಮೂಲ ಹುಡುಕಲು ನ್ಯಾಯಾಂಗದ ಒಪ್ಪಿಗೆ ಬೇಕು ಎಂದು ಬದಲಾಯಿಸಿದರು.

ಉತ್ತರ ಐರ್ಲೆಂಡಿನ ಪ್ರಕರಣ ನಮಗೆ ಇನ್ನೂ ಹತ್ತಿರದ ಪಾಠ. 1994ರ ಒಂದು ಹತ್ಯಾಕಾಂಡದ ತನಿಖೆಯ ಲೋಪಗಳನ್ನು ಬಯಲು ಮಾಡಿದ ಬ್ಯಾರಿ ಮೆಕ್ಯಾಫ್ರಿ ಮತ್ತು ಟ್ರೆವರ್ ಬರ್ನಿ ಎಂಬ ಪತ್ರಕರ್ತರನ್ನು 2018ರಲ್ಲಿ ಬಂಧಿಸಲಾಯಿತು. ತಮ್ಮ ಮೇಲೆ ಕಣ್ಗಾವಲು ಇತ್ತೇ ಎಂದು ಕೇಳಿ ಅವರು ತನಿಖಾಧಿಕಾರಗಳ ನ್ಯಾಯಮಂಡಳಿಗೆ ಹೋದರು. ಕೈಯಲ್ಲಿ ಪುರಾವೆ ಇರಲಿಲ್ಲ, ಅನುಮಾನ ಮಾತ್ರ. ಆ ಮಂಡಳಿಗೆ ಪೊಲೀಸರ ಗುಪ್ತ ಕಡತಗಳನ್ನು ತರಿಸಿ ನೋಡುವ ಅಧಿಕಾರವಿದೆ. ಕಡತ ಬಂತು, ಹಳೆಯ ಕಣ್ಗಾವಲುಗಳೂ ಒಂದೊಂದಾಗಿ ಹೊರಬಿದ್ದವು. 2024ರ ಡಿಸೆಂಬರ್‌ನಲ್ಲಿ ಅದನ್ನು ಕಾನೂನುಬಾಹಿರ ಎಂದು ಘೋಷಿಸಿ ತಲಾ 4,000 ಪೌಂಡ್ ಪರಿಹಾರ ಕೊಡಿಸಿದರು. ಅನುಮಾನ ಬಂದವನು ಪುರಾವೆಯಿಲ್ಲದೆ ಹೋಗಿ ಬಾಗಿಲು ತಟ್ಟಬಹುದಾದ ಅಂಥ ಜಾಗ ಭಾರತದಲ್ಲಿ ಇಲ್ಲ. ಇಲ್ಲಿ ಕದ್ದಾಲಿಕೆಯ ಆದೇಶವನ್ನು ಅದಕ್ಕೆ ಗುರಿಯಾದವನಿಗೆ ಕೆಲಸ ಮುಗಿದ ಮೇಲೂ ತಿಳಿಸಬೇಕಿಲ್ಲ. ಗೊತ್ತೇ ಇಲ್ಲದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಹೇಗೆ?

ಫೋನಿನೊಳಗೇ ಕೂತವನು

ಫೋನಿನೊಳಗೆ ನುಗ್ಗುವ ಕುತಂತ್ರಾಂಶ ಪೆಗಾಸಸ್ ಬಗ್ಗೆ ಸಾಕಷ್ಟು ಬರೆದಾಗಿದೆ, ಮುಖ್ಯವಾದದ್ದನ್ನಷ್ಟೇ ಹೇಳುತ್ತೇನೆ. 2019ರಲ್ಲಿ ವಾಟ್ಸ್‌ಆ್ಯಪ್‌ನ ವಿಡಿಯೋ ಕರೆಯ ಒಂದು ದೋಷ ಬಳಸಿ ಸುಮಾರು 1,400 ಫೋನ್‌ಗಳಿಗೆ ಕನ್ನ ಹಾಕಲಾಗಿತ್ತು, ಅವರಲ್ಲಿ ಭಾರತೀಯರೂ ಇದ್ದರು. ಕರೆ ಎತ್ತದಿದ್ದರೂ ಸೋಂಕು ತಗಲುತ್ತಿತ್ತು. 2021ರ ಜುಲೈನಲ್ಲಿ ಹೊರಬಿದ್ದ, ಪೆಗಾಸಸ್‌ನ ಗುರಿಗಳೆಂದು ಶಂಕಿಸಲಾದ ನಂಬರ್‌ಗಳ ಪಟ್ಟಿಯಲ್ಲಿ 40ಕ್ಕೂ ಹೆಚ್ಚು ಭಾರತೀಯ ಪತ್ರಕರ್ತರ ನಂಬರ್‌ಗಳಿದ್ದವು. ಅದೇ ವರ್ಷ ಅಕ್ಟೋಬರ್ 27ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಭದ್ರತೆ ಎಂದ ಮಾತ್ರಕ್ಕೆ ಸರ್ಕಾರಕ್ಕೆ ಎಲ್ಲದರಿಂದಲೂ ವಿನಾಯಿತಿ ಸಿಗುವುದಿಲ್ಲ ಎಂದು ಹೇಳಿ ತಾಂತ್ರಿಕ ಸಮಿತಿ ನೇಮಿಸಿತು. 2022ರ ಆಗಸ್ಟ್‌ನಲ್ಲಿ ಸಮಿತಿಯ ಉತ್ತರ ಬಂತು: ಪರೀಕ್ಷೆಗೆ ಬಂದ 29 ಫೋನ್‌ಗಳಲ್ಲಿ 5ರಲ್ಲಿ ಯಾವುದೋ ಕುತಂತ್ರಾಂಶವಿತ್ತು, ಅದು ಪೆಗಾಸಸ್ಸೇ ಎನ್ನಲು ಖಚಿತ ಪುರಾವೆ ಸಿಗಲಿಲ್ಲ, ಸರ್ಕಾರ ಸಹಕರಿಸಲಿಲ್ಲ. ವರದಿ ಇನ್ನೂ ಮೊಹರಿನೊಳಗೇ ಇದೆ. 2023ರ ಅಕ್ಟೋಬರ್ ಕೊನೆಗೆ ಆ್ಯಪಲ್ ಕಂಪನಿ ಭಾರತದ ಹಲವು ರಾಜಕಾರಣಿಗಳಿಗೂ ಪತ್ರಕರ್ತರಿಗೂ ಅವರ ಫೋನಿನ ಮೇಲೆ ದಾಳಿಯಾಗಿರಬಹುದು ಎಂಬ ಎಚ್ಚರಿಕೆ ಸಂದೇಶ ಕಳಿಸಿತು. ಆ ಬಳಿಕ ಆಮ್ನೆಸ್ಟಿಯ ಪ್ರಯೋಗಾಲಯ ಇಬ್ಬರು ಪತ್ರಕರ್ತರ ಐಫೋನ್‌ಗಳಲ್ಲಿ ಪೆಗಾಸಸ್‌ನ ಗುರುತು ಕಂಡಿತು.

ಕಾನೂನಿನ ಕಡೆಯಿಂದ ಗಮನಿಸಬೇಕಾದ ಮಾತು ಬೇರೆಯಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 69 ಮಾಹಿತಿಯನ್ನು ತಡೆದು ನೋಡಲು, ಗೂಢಲಿಪಿ ಬಿಡಿಸಲು ಅಧಿಕಾರ ಕೊಡುತ್ತದೆ. 2018ರ ಡಿಸೆಂಬರ್ 20ರ ಆದೇಶದಲ್ಲಿ 10 ಸಂಸ್ಥೆಗಳನ್ನು ಇದಕ್ಕೆ ಹೆಸರಿಸಲಾಗಿದೆ. ಆದರೆ ಒಬ್ಬರ ಫೋನಿಗೆ ಕುತಂತ್ರಾಂಶ ತೂರಿಸಿ, ಅದರ ಮೈಕ್, ಕ್ಯಾಮೆರಾಗಳನ್ನು ಆನ್ ಮಾಡುವ ಅಧಿಕಾರವನ್ನು ಬಿಡಿಸಿ ಬರೆದ ಕಲಂ ಯಾವುದೂ ಇಲ್ಲ. ಬೇರೆಯವರ ಸಾಧನಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅದೇ ಕಾಯ್ದೆಯ ಸೆಕ್ಷನ್ 43 ಮತ್ತು 66ರಡಿ ಅಪರಾಧ. ಸರ್ಕಾರ ಇದನ್ನು ಬಳಸಿದೆಯೇ ಎಂಬ ನೇರ ಪ್ರಶ್ನೆಗೆ ನ್ಯಾಯಾಲಯದಲ್ಲೂ ಹೌದು ಅಥವಾ ಇಲ್ಲ ಎಂಬ ಉತ್ತರ ಬಂದಿಲ್ಲ.

ಮೊಹರು ಬಿದ್ದ ಮಾತ್ರಕ್ಕೆ ಗೋಪ್ಯವೇ?

ಮೂಲ ಪತ್ತೆಯಾದ ಮೇಲೆ ಬಳಸುವ ಆಯುಧ 1923ರ ಅಧಿಕೃತ ರಹಸ್ಯ ಕಾಯ್ದೆ. ಸೆಕ್ಷನ್ 3 ಗೂಢಚರ್ಯೆಗೆ. ಪತ್ರಕರ್ತರಿಗೆ ತಗಲುವುದು ಹೆಚ್ಚಾಗಿ ಸೆಕ್ಷನ್ 5: ಗೋಪ್ಯ ಮಾಹಿತಿ ಕೊಟ್ಟವನೂ ತಪ್ಪಿತಸ್ಥ, ಕಾಯ್ದೆ ಮುರಿದು ಕೊಡುತ್ತಿದ್ದಾರೆಂದು ತಿಳಿದೂ ಪಡೆದವನೂ ತಪ್ಪಿತಸ್ಥ. ಮೂರು ವರ್ಷದವರೆಗೆ ಸಜೆ. ವಿಚಾರಣೆಯನ್ನು ಮುಚ್ಚಿದ ಬಾಗಿಲಲ್ಲಿ ನಡೆಸಲು ಸೆಕ್ಷನ್ 14 ಅವಕಾಶ ಕೊಡುತ್ತದೆ. ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸಿದೆ ಎಂಬ ಸಮರ್ಥನೆಗೆ ಇಡೀ ಕಾಯ್ದೆಯಲ್ಲಿ ಜಾಗವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ‘ರಹಸ್ಯ’ ಎಂದರೆ ಏನು ಎಂಬ ವ್ಯಾಖ್ಯೆಯೇ ಅದರಲ್ಲಿಲ್ಲ. ಕಡತದ ಮೇಲೆ ಪರಮ ರಹಸ್ಯ, ರಹಸ್ಯ, ಗೋಪ್ಯ, ನಿರ್ಬಂಧಿತ ಎಂಬ ನಾಲ್ಕು ಮೊಹರುಗಳಲ್ಲಿ ಯಾವುದು ಬೀಳಬೇಕೆಂದು ತೀರ್ಮಾನಿಸುವುದು ಗೃಹ ಸಚಿವಾಲಯದ ಆಂತರಿಕ ಕೈಪಿಡಿಯ ಆಧಾರದಲ್ಲಿ, ಸಂಬಂಧಪಟ್ಟ ಅಧಿಕಾರಿ.

ಈ ಅಸ್ಪಷ್ಟತೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಇಫ್ತಿಕಾರ್ ಗಿಲಾನಿ ಪ್ರಕರಣ ನೋಡಿ. 2002ರ ಜೂನ್‌ನಲ್ಲಿ ದೆಹಲಿಯಲ್ಲಿ ಅವರನ್ನು ಬಂಧಿಸಿದಾಗ ಆಧಾರವಾಗಿ ತೋರಿಸಿದ್ದು ಅವರ ಕಂಪ್ಯೂಟರಿನಲ್ಲಿ ಸಿಕ್ಕ, ಕಾಶ್ಮೀರದ ಸೇನಾ ನಿಯೋಜನೆಯ ಕುರಿತ ಒಂದು ಕಡತ. ಅದು ಪಾಕಿಸ್ತಾನದ ಸಂಸ್ಥೆಯೊಂದು ಪ್ರಕಟಿಸಿದ, ಇಂಟರ್ನೆಟ್‌ನಲ್ಲಿ ಯಾರಿಗೂ ಸಿಗುತ್ತಿದ್ದ ಬರಹ. ಸೇನಾ ಗುಪ್ತಚರ ವಿಭಾಗ ಮೊದಲು ಅದು ಶತ್ರುವಿಗೆ ಉಪಯೋಗವಾಗುವ ಮಾಹಿತಿ ಎಂದಿತು, ಕೊನೆಗೆ ಅದಕ್ಕೆ ಭದ್ರತೆಯ ದೃಷ್ಟಿಯಿಂದ ಬೆಲೆಯಿಲ್ಲ ಎಂದಿತು. ಅಷ್ಟರಲ್ಲಿ ಏಳು ತಿಂಗಳು ತಿಹಾರ್ ಜೈಲಿನಲ್ಲಿ ಕಳೆದಿದ್ದವು. 2003ರ ಜನವರಿಯಲ್ಲಿ ಸರ್ಕಾರವೇ ಮೊಕದ್ದಮೆ ಹಿಂತೆಗೆದುಕೊಂಡಿತು. ಸಂಪುಟ ಟಿಪ್ಪಣಿಯೊಂದನ್ನು ಪ್ರಕಟಿಸಿದ್ದ ಮತ್ತೊಬ್ಬ ವರದಿಗಾರನನ್ನು 2009ರಲ್ಲಿ ದೆಹಲಿಯ ನ್ಯಾಯಾಲಯ ಆರೋಪಮುಕ್ತಗೊಳಿಸಿತು. ‘ರಹಸ್ಯ’ ಎಂಬ ಮೊಹರು ಬಿದ್ದಿದೆ ಎಂಬ ಕಾರಣಕ್ಕೇ ಕಾಗದ ರಹಸ್ಯವಾಗುವುದಿಲ್ಲ ಎಂದು ಅದು ಹೇಳಿತು. ರಫೇಲ್ ಕಡತಗಳು ‘ದಿ ಹಿಂದೂ’ವಿನಲ್ಲಿ ಬಂದಾಗ ಅವು ಕದ್ದ ದಾಖಲೆಗಳು, ನೋಡಬಾರದು ಎಂದು ಕೇಂದ್ರ ವಾದಿಸಿತು. 2019ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಗೋಪ್ಯ ಎಂದು ಗುರುತಿಸಿದ ದಾಖಲೆಯ ಪ್ರಕಟಣೆಯನ್ನು ತಡೆಯುವ ಅಧಿಕಾರವನ್ನು ಅಧಿಕೃತ ರಹಸ್ಯ ಕಾಯ್ದೆಯೂ ಕೊಟ್ಟಿಲ್ಲ ಎಂದಿತು.

ನ್ಯಾಯಾಲಯಗಳು ಹೀಗೆ ಒಂದೊಂದಾಗಿ ಸರಿಪಡಿಸಿವೆ, ಕಾಯ್ದೆ ಮಾತ್ರ ಹಾಗೇ ನಿಂತಿದೆ. ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲೇ ಇದನ್ನು ರದ್ದು ಮಾಡಲು ಹೇಳಿತ್ತು. ಈ ಮಾದರಿಯನ್ನು ನಮಗೆ ಕೊಟ್ಟ ಬ್ರಿಟನ್, ಎಲ್ಲವನ್ನೂ ಬಾಚಿಕೊಳ್ಳುತ್ತಿದ್ದ ತನ್ನ 1911ರ ಕಾಯ್ದೆಯ ಸೆಕ್ಷನ್ 2ನ್ನು 1989ರಲ್ಲಿ ತೆಗೆದುಹಾಕಿತು, ಉಳಿದ ಭಾಗವನ್ನು 2023ರಲ್ಲಿ. ಸುದ್ದಿಮೂಲದ ರಕ್ಷಣೆಗೆ ನಮ್ಮಲ್ಲಿರುವ ಶಾಸನ ಒಂದೇ: 1978ರ ಪತ್ರಿಕಾ ಮಂಡಳಿ ಕಾಯ್ದೆಯ ಸೆಕ್ಷನ್ 15(2). ಅದೂ ಮಂಡಳಿಯ ಮುಂದೆ ಮಾತ್ರ. ನ್ಯಾಯಾಲಯದಲ್ಲಿ, ಠಾಣೆಯಲ್ಲಿ ಅದು ನಡೆಯುವುದಿಲ್ಲ. ಸಾಕ್ಷ್ಯ ಕಾಯ್ದೆಯಲ್ಲೇ ಇಂಥ ರಕ್ಷಣೆ ಸೇರಿಸಿ ಎಂದು ಕಾನೂನು ಆಯೋಗ ತನ್ನ 93ನೇ ವರದಿಯಲ್ಲಿ ಹೇಳಿದ್ದು 1983ರಲ್ಲಿ. ಆ ಕಾಯ್ದೆಯನ್ನೇ ಬದಲಿಸಿ ಭಾರತೀಯ ಸಾಕ್ಷ್ಯ ಅಧಿನಿಯಮ ಬರೆದಾಗಲೂ ಅದು ಸೇರಲಿಲ್ಲ.

ಇನ್ನೊಂದು ತುದಿಯಲ್ಲಿ ಮಾಹಿತಿ ಹಕ್ಕು ಕಿರಿದಾಗುತ್ತಿದೆ. 2005ರ ಕಾಯ್ದೆಯ ಸೆಕ್ಷನ್ 22 ರಹಸ್ಯ ಕಾಯ್ದೆಯನ್ನು ಮೀರಿ ನಿಲ್ಲುತ್ತದೆ. ಸೆಕ್ಷನ್ 8(2), ಸಾರ್ವಜನಿಕ ಹಿತ ದೊಡ್ಡದಿದ್ದರೆ ವಿನಾಯಿತಿ ಪಡೆದ ಮಾಹಿತಿಯನ್ನೂ ಕೊಡಬಹುದು ಎನ್ನುತ್ತದೆ. ಆದರೆ 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ ಸೆಕ್ಷನ್ 44(3) ಮೂಲಕ 8(1)(ಜೆ) ಬದಲಾಗಿ, 2025ರ ನವೆಂಬರ್‌ನಲ್ಲಿ ಜಾರಿಗೂ ಬಂತು. ಮೊದಲು ವೈಯಕ್ತಿಕ ಮಾಹಿತಿ ನಿರಾಕರಿಸಲು, ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲ ಎಂದು ತೋರಿಸಬೇಕಿತ್ತು. ಈಗ ನಿರಾಕರಿಸಲು ‘ವೈಯಕ್ತಿಕ’ ಎಂದರೆ ಸಾಕು, ಉಳಿದಿರುವ ದಾರಿ 8(2) ಒಂದೇ. ಅರ್ಜಿ ಹಾಕಿ ನೇರವಾಗಿ ಸಿಗುತ್ತಿದ್ದ ಕಾಗದ ಸಿಗದಿದ್ದಾಗ ವರದಿಗಾರ ಕಚೇರಿಯೊಳಗಿನ ಮನುಷ್ಯನ ಮೇಲೆ ಇನ್ನಷ್ಟು ಅವಲಂಬಿತನಾಗುತ್ತಾನೆ. ಆ ಮನುಷ್ಯನ ಅಪಾಯ ಅಷ್ಟೇ ಹೆಚ್ಚುತ್ತದೆ.

ಸುದ್ದಿಮನೆ ಮಾಡಬಹುದಾದದ್ದು

ಮೂಲಗಳು ಹೆಚ್ಚಾಗಿ ಸಿಕ್ಕಿಬೀಳುವುದು ಮೊದಲ ಸಂಪರ್ಕದಲ್ಲೇ. ಅಧಿಕಾರಿ ತನ್ನ ಸ್ವಂತ ನಂಬರಿನಿಂದ, ಕಚೇರಿಯಲ್ಲಿ ಕೂತು, ವರದಿಗಾರನಿಗೆ ಸಾಮಾನ್ಯ ಕರೆ ಮಾಡುತ್ತಾನೆ. ಆಮೇಲೆ ಇಬ್ಬರೂ ಗೂಢಲಿಪಿಯ ಸಂದೇಶ ಆ್ಯಪ್ ಆದ ಸಿಗ್ನಲ್‌ಗೆ ಹೋದರೂ ಆ ಒಂದು ಸಾಲು ಎರಡು ವರ್ಷ ಉಳಿದಿರುತ್ತದೆ. ಹಾಗಾಗಿ ಪತ್ರಿಕೆಯೇ ತನ್ನ ಪುಟದಲ್ಲಿ ಹೇಗೆ ಸಂಪರ್ಕಿಸಬೇಕು, ಹೇಗೆ ಸಂಪರ್ಕಿಸಬಾರದು ಎಂದು ಮೊದಲೇ ಅಚ್ಚು ಮಾಡಬೇಕು: ಅಂಚೆ ವಿಳಾಸ, ಸಿಗ್ನಲ್ ಬಳಕೆದಾರ ಹೆಸರು, ಸಾಧ್ಯವಿದ್ದರೆ, ಕಳಿಸಿದವರ ಗುರುತು ಮರೆಮಾಡುವ ಟಾರ್ ಜಾಲದ ಮೂಲಕ ದಾಖಲೆ ಪಡೆಯುವ ಸೆಕ್ಯೂರ್‌ಡ್ರಾಪ್. ಕಚೇರಿಯ ಕಂಪ್ಯೂಟರ್, ಕಚೇರಿಯ ವೈಫೈ ಬೇಡ ಎಂಬ ಮಾತು ಅದರ ಜೊತೆಗೇ ಇರಬೇಕು.

ವಾಟ್ಸ್‌ಆ್ಯಪ್ ಕರೆಯ ಮಾತು ಯಾರಿಗೂ ಕೇಳಿಸುವುದಿಲ್ಲ, ನಿಜ. ಆದರೆ ಇಬ್ಬರ ನಡುವೆ ನೇರವಾಗಿ ಹರಿಯುವ ಕರೆಯಲ್ಲಿ ಒಬ್ಬರ ಐಪಿ ವಿಳಾಸ ಇನ್ನೊಬ್ಬರ ಐಪಿಡಿಆರ್‌ನಲ್ಲಿ ಮೂಡಬಹುದು. ಸೆಟ್ಟಿಂಗ್ಸ್‌ನ ಖಾಸಗಿತನ ವಿಭಾಗದಲ್ಲಿ ಕರೆಗಳಲ್ಲಿ ಐಪಿ ವಿಳಾಸ ಮರೆಮಾಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿದರೆ ಕರೆ ಕಂಪನಿಯ ಸರ್ವರ್ ಬಳಸಿ ಹೋಗುತ್ತದೆ. ಸಿಗ್ನಲ್‌ನಲ್ಲೂ ಇದೇ ಬಗೆಯ ಆಯ್ಕೆ ಇದೆ. ಇನ್ನು ಹೊಸ ಸಿಮ್ ತಂದು ಹಳೆಯ ಫೋನಿಗೆ ಹಾಕಿದರೆ ಏನೂ ಉಪಯೋಗವಿಲ್ಲ, ಐಎಂಇಐ ಹಳೆಯದೇ. ಹೊಸ ಫೋನನ್ನೂ ಹಳೆಯದನ್ನೂ ಒಂದೇ ಜೇಬಿನಲ್ಲಿಟ್ಟು ಓಡಾಡಿದರೆ ಎರಡೂ ಒಂದೇ ಟವರುಗಳ ಸಾಲನ್ನು ದಾಟುತ್ತವೆ. ಸುಳ್ಳು ದಾಖಲೆ ಕೊಟ್ಟು ಸಿಮ್ ಪಡೆಯುವುದು 2023ರ ದೂರಸಂಪರ್ಕ ಕಾಯ್ದೆಯಡಿ ಮೂರು ವರ್ಷದವರೆಗೆ ಸಜೆಯ ಅಪರಾಧ, ಆ ದಾರಿಯೇ ಬೇಡ. ಭೇಟಿಗೆ ಹೋಗುವಾಗ ಇಬ್ಬರೂ ಒಂದೇ ಹೊತ್ತಿಗೆ ಫೋನ್ ಸ್ವಿಚ್ ಆಫ್ ಮಾಡುವುದೂ ಒಂದು ಗುರುತೇ. ಫೋನ್ ಮನೆಯಲ್ಲಿ ಆನ್ ಆಗಿಯೇ ಇರಲಿ.

ದಾಖಲೆ ಕೈಗೆ ಬಂದಾಗ ಅದರ ಚಿತ್ರವನ್ನು ಪ್ರಕಟಿಸುವ ಆಸೆ ಬರುತ್ತದೆ. 2017ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಗುತ್ತಿಗೆ ನೌಕರಳಾಗಿದ್ದ ರಿಯಾಲಿಟಿ ವಿನ್ನರ್ ಸಿಕ್ಕಿಬಿದ್ದದ್ದು ಹೇಗೆಂದು ನೋಡಿದರೆ ಆ ಆಸೆ ಹೋಗುತ್ತದೆ. ಖಚಿತಪಡಿಸಿಕೊಳ್ಳಲೆಂದು ಸುದ್ದಿಸಂಸ್ಥೆ ದಾಖಲೆಯ ಪ್ರತಿಯನ್ನು ಸರ್ಕಾರಕ್ಕೇ ತೋರಿಸಿತು. ಪುಟಗಳಲ್ಲಿ ಮಡಿಕೆಯ ಗುರುತಿತ್ತು, ಅಂದರೆ ಯಾರೋ ಮುದ್ರಿಸಿ ಹೊರಗೆ ಒಯ್ದಿದ್ದಾರೆ. ಮುದ್ರಣದ ಲಾಗ್ ನೋಡಿದರೆ ಆರೇ ಜನ. ಆರರಲ್ಲಿ ಒಬ್ಬರ ಕಚೇರಿ ಕಂಪ್ಯೂಟರಿನಿಂದ ಆ ಸುದ್ದಿಸಂಸ್ಥೆಗೆ ಇಮೇಲ್ ಹೋಗಿತ್ತು. ಪ್ರಕಟವಾದ ಚಿತ್ರದಲ್ಲಿ ಬಣ್ಣದ ಮುದ್ರಣ ಯಂತ್ರಗಳು ಹಾಕುವ, ಬರಿಗಣ್ಣಿಗೆ ಕಾಣದ ಹಳದಿ ಚುಕ್ಕೆಗಳೂ ಇದ್ದವು. ಮುದ್ರಿಸಿದ ದಿನ, ಸಮಯ, ಯಂತ್ರದ ಸಂಖ್ಯೆ ಆ ಚುಕ್ಕೆಗಳಲ್ಲಿರುತ್ತದೆ. ಶಿಕ್ಷೆ 63 ತಿಂಗಳು. ಕಪ್ಪುಬಿಳುಪಿಗೆ ತಿರುಗಿಸಿದರೆ ಚುಕ್ಕೆ ಹೋಗಬಹುದು, ಆದರೆ ಪ್ರತಿಯೊಬ್ಬರಿಗೂ ಒಂದೊಂದು ಪದ ಬದಲಿಸಿ ಹಂಚಿದ ಪ್ರತಿಯಾಗಿದ್ದರೆ ಆ ಪದವೇ ಹೆಸರು ಹೇಳುತ್ತದೆ. ಸಾರವನ್ನು ಸ್ವಂತ ಮಾತಿನಲ್ಲಿ ಬರೆಯುವುದು, ಖಚಿತಪಡಿಸಿಕೊಳ್ಳುವಾಗ ಕಾಗದ ತೋರಿಸದೆ ವಿಷಯವನ್ನಷ್ಟೇ ಕೇಳುವುದು ಇದ್ದುದರಲ್ಲಿ ಕ್ಷೇಮ.

ಫೋನ್ ಜಪ್ತಿಯಾಗುವ ದಿನಕ್ಕೂ ಸಿದ್ಧತೆ ಬೇಕು. ಸ್ವಿಚ್ ಆಫ್ ಆಗಿ, ಮತ್ತೆ ಆನ್ ಆದರೂ ಒಮ್ಮೆಯೂ ಪಾಸ್‌ಕೋಡ್ ಹಾಕದ ಫೋನಿನಲ್ಲಿ ಗೂಢಲಿಪಿಯ ಕೀಲಿಗಳು ಇನ್ನೂ ತೆರೆದಿರುವುದಿಲ್ಲ. ವಿಧಿವಿಜ್ಞಾನ ಸಾಧನಗಳಿಗೆ ಅದರಿಂದ ಮಾಹಿತಿ ತೆಗೆಯುವುದು, ಒಮ್ಮೆ ತೆರೆದು ಲಾಕ್ ಮಾಡಿದ ಫೋನಿಗಿಂತ ಬಹಳ ಕಷ್ಟ. ನಾಲ್ಕು ಅಂಕಿಯ ಬದಲು ಅಕ್ಷರ, ಅಂಕಿ ಬೆರೆತ ಉದ್ದನೆಯ ಪಾಸ್‌ಕೋಡ್ ಇಡಿ. ದಿನಕ್ಕೊಮ್ಮೆ ರೀಸ್ಟಾರ್ಟ್ ಮಾಡಿದರೆ ಮೆಮೊರಿಯಲ್ಲಷ್ಟೇ ಬದುಕುವ ಹಲವು ಕುತಂತ್ರಾಂಶಗಳು ಅಳಿಯುತ್ತವೆ. ಐಫೋನಿನ ಲಾಕ್‌ಡೌನ್ ಮೋಡ್ ದಾಳಿಗೆ ಸಿಗುವ ಕಿಂಡಿಗಳನ್ನೇ ಕಡಿಮೆ ಮಾಡುತ್ತದೆ. ಸಂದೇಶಗಳು ಎಷ್ಟು ದಿನಕ್ಕೆ ಅಳಿಯಬೇಕೆಂಬ ನಿಯಮವನ್ನು ಮೊದಲೇ ಮಾಡಿಕೊಳ್ಳಿ. ನೋಟಿಸ್ ಬಂದ ಮೇಲೆ ಅಳಿಸಿದರೆ ಸಾಕ್ಷ್ಯನಾಶದ ಆರೋಪ, ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 241, ಬರಬಹುದು.

ಜಪ್ತಿ ಮಾಡುವಾಗ ಬಿಎನ್‌ಎಸ್‌ಎಸ್ ಸೆಕ್ಷನ್ 105ರಂತೆ ಇಡೀ ಶೋಧವನ್ನು ವಿಡಿಯೋ ಮಾಡಬೇಕು. ಪಂಚನಾಮೆಯಲ್ಲಿ ಸಾಧನದ ಮಾದರಿ, ಐಎಂಇಐ, ಆನ್ ಇತ್ತೋ ಆಫ್ ಇತ್ತೋ ಎಂಬುದು ಬರೆದಿದೆಯೇ ನೋಡಿ. ಸಾಧ್ಯವಾದಲ್ಲಿ ಹ್ಯಾಶ್ ಮೌಲ್ಯವನ್ನು ಅಲ್ಲೇ ಬರೆಸಿ. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಈ ಉದ್ದನೆಯ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಜಪ್ತಿಯ ದಿನ ಅದು ದಾಖಲಾಗದಿದ್ದರೆ, ಆಮೇಲೆ ಏನಾದರೂ ತುರುಕಿದ್ದಾರೆ ಎಂದು ತೋರಿಸಲು ಆಧಾರವೇ ಇರುವುದಿಲ್ಲ. ಪಾಸ್‌ವರ್ಡ್ ಕೊಡಲೇಬೇಕೇ ಎಂಬುದು ಇನ್ನೂ ಇತ್ಯರ್ಥವಾಗದ ಪ್ರಶ್ನೆ. ಕರ್ನಾಟಕ ಹೈಕೋರ್ಟ್ 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದಿತು, ಜಪ್ತಿಗೆ ವಿವರವಾದ ಕ್ರಮವನ್ನೂ ಹೇಳಿತು. ದೆಹಲಿಯ ಸಿಬಿಐ ನ್ಯಾಯಾಲಯ 2022ರಲ್ಲಿ ಇದಕ್ಕೆ ವಿರುದ್ಧವಾಗಿ, ಆರೋಪಿಯನ್ನು ಒತ್ತಾಯಿಸುವಂತಿಲ್ಲ ಎಂದಿತು. ವಕೀಲರನ್ನು ಕೇಳದೆ ಸ್ಥಳದಲ್ಲೇ ಕೊಟ್ಟುಬಿಡುವುದು ಬೇಡ.

2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪತ್ರಕರ್ತರ ಸಾಧನಗಳ ಜಪ್ತಿಗೆ ಮಾರ್ಗಸೂಚಿ ಬೇಕು ಎಂದು ಕೇಂದ್ರಕ್ಕೆ ಹೇಳಿತು. ಅದು ಬರುವವರೆಗೆ ಸಿಬಿಐ ಕೈಪಿಡಿ ಪಾಲಿಸುತ್ತೇವೆ ಎಂದು ಡಿಸೆಂಬರ್‌ನಲ್ಲಿ ಕೇಂದ್ರ ಒಪ್ಪಿತು. ಕೈಪಿಡಿ ಶಾಸನವಲ್ಲ. ಅಮೆರಿಕದಲ್ಲಿ ಇಂಥದ್ದೇ ಆಂತರಿಕ ನಿಯಮ ಮಾಡಿ, ಪತ್ರಕರ್ತರ ದಾಖಲೆ ಕೇಳುವುದನ್ನು 2022ರಲ್ಲಿ ಬಹುಮಟ್ಟಿಗೆ ನಿಲ್ಲಿಸಿದ್ದರು. 2025ರ ಏಪ್ರಿಲ್‌ನಲ್ಲಿ ಹೊಸ ಅಟಾರ್ನಿ ಜನರಲ್ ಒಂದು ಆದೇಶದಿಂದ ಅದನ್ನು ತೆಗೆದುಹಾಕಿದರು. ಅದನ್ನು ಶಾಸನ ಮಾಡುವ ಮಸೂದೆ 2024ರ ಜನವರಿಯಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಗಿ ಸೆನೆಟ್‌ನಲ್ಲಿ ನಿಂತಿತ್ತು.

ನಮ್ಮಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ ವಿಷಯ. ಸಂಸತ್ತಿಗಾಗಿ ಕಾಯುತ್ತ ಕೂರದೆ ರಾಜ್ಯದ ಗೃಹ ಇಲಾಖೆ ಈಗಲೇ ಮಾಡಬಹುದಾದ ಕೆಲಸವಿದೆ. ಪತ್ರಕರ್ತರ ಸಿಡಿಆರ್, ಐಪಿಡಿಆರ್ ಬೇಕಾದರೆ ಎಸ್‌ಪಿಯ ಇಮೇಲ್ ಸಾಲದು, ಕಾರಣ ಬರೆದು ಮ್ಯಾಜಿಸ್ಟ್ರೇಟರ ಆದೇಶ ಪಡೆಯಬೇಕು. ಬೇಡಿಕೆ ಒಂದು ನಂಬರಿಗೆ, ಇಂತಿಷ್ಟು ದಿನಕ್ಕೆ ಸೀಮಿತವಾಗಬೇಕು. ತನಿಖೆ ಮುಗಿದ 90 ದಿನದೊಳಗೆ ಆ ಪತ್ರಕರ್ತನಿಗೆ ತಿಳಿಸಬೇಕು. ಮೂರು ವಾಕ್ಯದ ಸುತ್ತೋಲೆ. ಠಾಣೆಯಿಂದ ನೋಡಲ್ ಅಧಿಕಾರಿಗೆ ಹೋಗುವ ಬೇಡಿಕೆಯ ನಮೂನೆಯಲ್ಲಿ ಇನ್ನೊಂದು ಕಾಲಂ ಸೇರಿಸಿದರೆ ಸಾಕು: ಈ ನಂಬರ್ ಪತ್ರಕರ್ತರದ್ದೇ, ಹೌದು ಅಥವಾ ಇಲ್ಲ.